ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ

ಜಡ್ಡಿನಿಂದ ಎದ್ದವರು ಬರೆದ ಬರಹಗಳನ್ನು ನಾನು ಡಯಾಲಿಸಿಸ್ ಕುರ್ಚಿಯಲ್ಲಿ ಕೂತು ಬೇಕಾದಷ್ಟು ಓದಿದ್ದೇನೆ. ಅಲ್ಲಿ ಬೇರೆ ಕೆಲಸವಿರುವುದಿಲ್ಲ. ಎಡಗೈಗೆ ಸೂಜಿ, ಬಲಗೈಗೆ ಪುಸ್ತಕ. ಹಾಗೆ ಬರೆದವರಿಗೆಲ್ಲ ಅವರವರ ರೋಗ ಏನಾದರೊಂದು ಪಾಠ ಕಲಿಸಿದೆ. ಒಬ್ಬರಿಗೆ ತಾಳ್ಮೆ, ಒಬ್ಬರಿಗೆ ಸೂರ್ಯೋದಯದ ಚೆಲುವು, ಮತ್ತೊಬ್ಬರಿಗೆ ಹೆಂಡತಿಯ ಬೆಲೆ. ನನಗೆ ಬಂದದ್ದು ಅಷ್ಟು ಓದಿದ ರೋಗವಲ್ಲ. ಹುಟ್ಟಿದಾಗಿನಿಂದ ನನ್ನ ಮೈಯಲ್ಲಿ ಪುಕ್ಕಟೆ ವಾಸವಿದ್ದೂ ಒಂದಕ್ಷರ ಕಲಿಸಲಿಲ್ಲ. ಆದ್ದರಿಂದ ಈ ಬರಹ ಓದಿ ಯಾರೂ ಉದ್ಧಾರವಾಗುವ ಅಪಾಯವಿಲ್ಲ.

ಆದರೂ ಬರೆಯುತ್ತಿದ್ದೇನೆ. ಅಂಗಾಲು ಉರಿಯುತ್ತದೆ ಎಂದು ಹೇಳಿ, ಮನೆಯವರಿಂದ ಮೈಗಳ್ಳ ಅನ್ನಿಸಿಕೊಂಡು, ಗೋಡೆಯ ಕಡೆ ಮುಖ ಮಾಡಿ ಮಲಗಿರುವ ಪ್ರಾಣಿ ಒಂದಾದರೂ ಈ ಜಿಲ್ಲೆಯಲ್ಲಿ ಇದ್ದೀತು. ಇದು ಆ ಪ್ರಾಣಿಗೆ. ಉಳಿದವರು ಓದಿದರೆ ನನ್ನ ಅಭ್ಯಂತರವಿಲ್ಲ.

ನನ್ನ ಉರಿ ಶುರುವಾದದ್ದು ಕನ್ನಡ ಸಾಲೆಯ ಮೂರನೆಯ ಇಯತ್ತೆಯಲ್ಲಿ. ಬಿಸಿಲು ಏರಿದ ದಿನ, ಜ್ವರ ಬಂದ ದಿನ, ಹುಡುಗರ ಜೊತೆ ಓಡಿದ ದಿನ ಅಂಗೈ ಅಂಗಾಲುಗಳಲ್ಲಿ ಕೆಂಡ ತುಂಬಿ ಹೊಲಿದ ಹಾಗೆ ಆಗುತ್ತಿತ್ತು. ಹೊರಗಿನಿಂದ ನೋಡಿದರೆ ಗುಳ್ಳೆ ಇಲ್ಲ, ಬಾವಿಲ್ಲ, ಕೆಂಪೂ ಇಲ್ಲ. ಕಣ್ಣಿಗೆ ಕಾಣದ ನೋವಿಗೆ ನಮ್ಮ ಕಡೆ ಇರುವ ಹೆಸರು ಒಂದೇ, ನೆವ. ಸಾಲೆ ತಪ್ಪಿಸುವ ನೆವ, ಕಳೆ ತೆಗೆಯಲು ಹೋಗದಿರುವ ನೆವ. ಅಪ್ಪ ಈ ವಿಷಯದಲ್ಲಿ ಪರಿಣತ. “ಎರಿ ಹೊಲದಾಗ ಬರಿಗಾಲಲೇ ನಾಕ ಸಾಲು ನಡದ್ರ ಎಲ್ಲಾ ಇಳೀತೈತಿ” ಎಂಬುದು ಅವನ ಚಿಕಿತ್ಸಾ ಪದ್ಧತಿ. ಅದು ಫಲಿಸದಿದ್ದಾಗ ಎತ್ತಿನ ಬಾರುಕೋಲು ಹೊರಬರುತ್ತಿತ್ತು. ಅದರಿಂದ ಕಾಲಿನ ಉರಿ ಸ್ವಲ್ಪ ಮರೆಯುತ್ತಿದ್ದದ್ದು ನಿಜ. ಉರಿ ಬೆನ್ನಿಗೆ ವರ್ಗವಾಗುತ್ತಿತ್ತು.

ನಂತರ ಓಣಿಯ ತಜ್ಞರ ಸಮಿತಿ ಕೂತಿತು. ನಮ್ಮಲ್ಲಿ ರೋಗಗಳು ಎರಡೇ, ಉಷ್ಣ ಮತ್ತು ಥಂಡಿ. ಮೂರನೆಯದು ಬಂದರೆ ಸಾಯುತ್ತಾರೆ. ನನ್ನದು ಉಷ್ಣವೆಂದು ಸರ್ವಾನುಮತದಿಂದ ತೀರ್ಮಾನವಾಗಿ, ಅಂಗಾಲಿಗೆ ಗೋರಂಟಿ, ನೆತ್ತಿಗೆ ಔಡಲೆಣ್ಣೆ, ಹೊಟ್ಟೆಗೆ ನೆನೆಸಿದ ಮೆಂತೆ ಎಂದು ಠರಾವು ಪಾಸಾಯಿತು. ಕೆಂಪು ಅಂಗಾಲಿನ ಹುಡುಗನನ್ನು ಸಾಲೆಯಲ್ಲಿ ‘ಮದಿಮಗಳು’ ಎಂದು ಕರೆದರು. ಗೋರಂಟಿಯ ಬಣ್ಣ ಹೋಯಿತು, ಹೆಸರು ಏಳನೆಯ ಇಯತ್ತೆಯವರೆಗೆ ಉಳಿಯಿತು.

ಇದೆಲ್ಲವನ್ನೂ ಹೊತ್ತುಕೊಂಡೇ ನಾನು ಬೆಳೆದೆ, ಓದಿದೆ, ಸರಕಾರಿ ಬಸ್ಸಿನ ನೌಕರಿ ಹಿಡಿದೆ, ಸುಮಿತ್ರಾಳನ್ನು ಮದುವೆಯಾದೆ, ಒಬ್ಬ ಮಗನ ತಂದೆಯಾದೆ. ಕಡೆಗೆ ಅಣ್ಣಿಗೇರಿ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ಕೂತೆ. ಕಾಗದಪತ್ರದಲ್ಲಿ ಈ ಹುದ್ದೆಗೆ ‘ಸಂಚಾರ ನಿಯಂತ್ರಕ’ ಎನ್ನುತ್ತಾರೆ. ಹೆಸರು ಕೇಳಿದರೆ ಗ್ರಹಗಳನ್ನು ತಿರುಗಿಸುವವನ ಹಾಗೆ ಇದೆ. ಕೆಲಸ ಇಷ್ಟೇ: ಬಂದ ಬಸ್ಸನ್ನು ಬರೆದುಕೊಳ್ಳುವುದು, ಹೋಗುವ ಬಸ್ಸನ್ನು ಬಿಡುವುದು, ಮೈಕಿನಲ್ಲಿ ಕೂಗುವುದು, ನವಲಗುಂದದ ಗಾಡಿ ಯಾಕೆ ತಡ ಎಂದು ಕೇಳಿದವರ ಮುಖವನ್ನು ನೋಡದೆ ಇರುವುದು. ನೆರಳಿನ ಕೆಲಸ. ನನ್ನ ಕಾಲಿಗೆ ಅದು ಹಿಡಿಸಿತು.

ಡಾಕ್ಟರರ ಬಳಿ ಹೋಗಲಿಲ್ಲವೇ ಎಂದು ಕೇಳುವಿರಿ. ಹೋಗಿದ್ದೆ. ಅಣ್ಣಿಗೇರಿಯವರು ಬಿ ಜೀವಸತ್ವದ ಗುಳಿಗೆ ಕೊಟ್ಟರು. ಗದಗಿನವರು ಸಂಧಿವಾತ ಎಂದರು. ಹುಬ್ಬಳ್ಳಿಯಲ್ಲಿ ಒಬ್ಬರು ಮನಸ್ಸಿನ ರೋಗವೆಂದು ಹೇಳಿ ನಿದ್ದೆ ಗುಳಿಗೆ ಬರೆದರು. ನಿದ್ದೆಯಲ್ಲಿಯೂ ಕಾಲು ಉರಿಯಿತು, ಕನಸು ಬಿದ್ದದ್ದೊಂದು ಲಾಭ. ಆದರೆ ಇವರೆಲ್ಲರೂ ತಪ್ಪದೆ ಒಂದು ಪ್ರಶ್ನೆ ಕೇಳುತ್ತಿದ್ದರು: “ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗೆ ಇದೆಯೇ?” ನಾನು ತಪ್ಪದೆ ಎದೆ ಸೆಟೆಸಿ ಒಂದೇ ಉತ್ತರ ಕೊಡುತ್ತಿದ್ದೆ: “ಇಲ್ರಿ. ನಮ್ಮ ಮನೆತನದಾಗ ಏಳು ತಲೆಮಾರಿನಾಗ ಯಾರಿಗೂ ಇಲ್ರಿ.”

ಈ ಉತ್ತರದ ಮಹಿಮೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಮನೆತನ ಎಂದರೆ ಅಪ್ಪ, ಅಪ್ಪನ ಅಪ್ಪ, ಅವನ ಅಪ್ಪ. ಮೀಸೆಯಿಂದ ಮೀಸೆಗೆ ಇಳಿದು ಬಂದದ್ದು. ಹೆಂಗಸರು ಅದರೊಳಗೆ ಬರುವವರು ಇಲ್ಲವೇ ಅದರಿಂದ ಹೋಗುವವರು. ಅಪ್ಪನ ಕಡೆ ಏಳು ತಲೆಮಾರಿನ ಹೆಸರನ್ನು ನಾನು ನಿದ್ದೆಗಣ್ಣಿನಲ್ಲಿಯೂ ಹೇಳಬಲ್ಲೆ. ಅವ್ವನ ಅವ್ವನ ಹೆಸರು ಗೊತ್ತಿಲ್ಲ. ಆಕೆಯನ್ನು ನಾವು ಕರೆದದ್ದು ತಿರ್ಲಾಪುರದ ಅಮ್ಮ ಎಂದು. ಊರಿನ ಹೆಸರೇ ಆಕೆಯ ಹೆಸರು. ಆಕೆಯ ಮನೆಯವರ ಹಲ್ಲುನೋವು ಕಾಲುನೋವುಗಳನ್ನು ನಮ್ಮ ಲೆಕ್ಕಕ್ಕೆ ತರುವುದು ಎಂದರೆ ಪಕ್ಕದ ತಾಲೂಕಿನ ಮಳೆಯನ್ನು ನಮ್ಮ ಹೊಲಕ್ಕೆ ಬರೆದುಕೊಂಡ ಹಾಗೆ.

ಹೀಗೆ ಸುಖವಾಗಿ ಇದ್ದಾಗ ಒಂದು ಮಧ್ಯಾಹ್ನ ಮೈಕಿನಲ್ಲಿ ಹುಬ್ಬಳ್ಳಿ ಗಾಡಿಯನ್ನು ಕೂಗಲು ಬಾಯಿ ತೆರೆದೆ. ಮಾತು ಬರಲಿಲ್ಲ. ಬಂದದ್ದು ಬಾಯಲ್ಲಿ ರೊಟ್ಟಿ ತುರುಕಿಕೊಂಡವನ ಸದ್ದು. ಮತ್ತೆ ಕೂಗಿದೆ, ಮತ್ತೆ ಅದೇ. ಸ್ಟ್ಯಾಂಡಿನಲ್ಲಿ ಕೂತಿದ್ದ ಒಬ್ಬನೂ ತಲೆ ಎತ್ತಲಿಲ್ಲ. ಬಸ್ ಸ್ಟ್ಯಾಂಡಿನ ಮೈಕು ಇದುವರೆಗೆ ಯಾರಿಗೂ ತಿಳಿಯುವಂತೆ ಮಾತಾಡಿದ್ದಿಲ್ಲವಾದ್ದರಿಂದ ನನ್ನ ಮೆದುಳಿನಲ್ಲಿ ಆದ ಅನಾಹುತ ಸಾರ್ವಜನಿಕರ ಗಮನಕ್ಕೆ ಬರಲೇ ಇಲ್ಲ. ಜನ ಎಂದಿನಂತೆ ಬೋರ್ಡು ನೋಡಿ ಹತ್ತಿದರು. ಗಾಡಿ ಹೊರಟಿತು.

ಗುರುತಿಸಿದವನು ಡ್ರೈವರ್ ಖಾದರಸಾಬ. ಸಹಿ ಮಾಡಿಸಲು ಬಂದವನು ನನ್ನ ಬಾಯಿಯ ಒಂದು ಬಾಜುವಿನಿಂದ ಚಹಾ ಸೋರುವುದನ್ನು ನೋಡಿದ.

“ಸಾಹೇಬ್ರ, ನಗ್ರಿ ನೋಡೂಣು.”

ಡ್ಯೂಟಿಯ ಮೇಲೆ ನಗುವ ರೂಢಿ ನನಗಿಲ್ಲ. ಆದರೂ ನಕ್ಕೆ. ಅರ್ಧ ಮುಖ ನಕ್ಕಿತು, ಇನ್ನರ್ಧ ರಜೆಯಲ್ಲಿತ್ತು.

“ಏಳ್ರಿ” ಎಂದ. “ನಮ್ಮ ಅಬ್ಬಾಗ ಹಿಂಗ ಆಗಿತ್ತು. ಜಲ್ದಿ ನಡೀರಿ, ಮಾತಾಡಬ್ಯಾಡ್ರಿ.”

ಮಾತಾಡಲು ಬರುತ್ತಿರಲಿಲ್ಲ ಎಂಬುದನ್ನು ಅವನಿಗೆ ಹೇಳಲೂ ಆಗಲಿಲ್ಲ.

ಹುಬ್ಬಳ್ಳಿ ತಲುಪುವಷ್ಟರಲ್ಲಿ ನಾಲಿಗೆ ತಾನಾಗಿ ತಿರುಗಿತು. ದೊಡ್ಡ ಆಸ್ಪತ್ರೆಯವರು ತಲೆಯ ಫೋಟೊ ತೆಗೆದು, ಇದು ಸಣ್ಣ ಲಕ್ವಾ ಎಂದರು. ಹಿಂದೆ ನನಗೆ ತಿಳಿಯದಂತೆ ಬಂದುಹೋದ ಇಂಥ ಇನ್ನೆರಡರ ಗುರುತೂ ಇದೆ ಎಂದರು. ಮೂತ್ರ ನೋಡಿ, ಕಿಡ್ನಿಗಳು ಬಹುತೇಕ ಮುಗಿದಿವೆ ಎಂದರು. ನಲವತ್ತೆಂಟರ ವಯಸ್ಸಿನಲ್ಲಿ, ಸಕ್ಕರೆ ಕಾಯಿಲೆ ಇಲ್ಲದೆ, ಕುಡಿತ ಇಲ್ಲದೆ, ಮೆದುಳು ಮತ್ತು ಕಿಡ್ನಿ ಒಟ್ಟಿಗೆ ಯಾಕೆ ಹೋದವು ಎಂದು ಅವರು ನನ್ನನ್ನೇ ಕೇಳಿದರು. ನನಗೆ ಗೊತ್ತಿದ್ದರೆ ನಾನು ಅಲ್ಲಿಗೆ ಯಾಕೆ ಹೋಗುತ್ತಿದ್ದೆ?

ಆಮೇಲೆ ಕಾಯುವ ಕೋಣೆಗಳ ಕಾಲ. ಆಸ್ಪತ್ರೆಯ ಕಾಯುವ ಕೋಣೆಗೂ ನನ್ನ ಸ್ಟ್ಯಾಂಡಿಗೂ ಒಂದೇ ವ್ಯತ್ಯಾಸ. ಸ್ಟ್ಯಾಂಡಿನಲ್ಲಿ ಕಡೆಗೊಮ್ಮೆ ಬಸ್ಸು ಬರುತ್ತದೆ. ಇಲ್ಲಿ ಗೋಡೆಯ ಟಿವಿಯಲ್ಲಿ ಅಡುಗೆ ಕಾರ್ಯಕ್ರಮ. ಉಪ್ಪು ಬಿಡಬೇಕು, ಬೇಳೆ ಬಿಡಬೇಕು, ನೀರನ್ನು ಅಳೆದು ಕುಡಿಯಬೇಕು ಎಂದು ಹೇಳಿಸಿಕೊಂಡ ಜನ ಸಾಲಾಗಿ ಕೂತು ಬೆಣ್ಣೆಯಲ್ಲಿ ಬದನೆಕಾಯಿ ಹುರಿಯುವುದನ್ನು ಭಕ್ತಿಯಿಂದ ನೋಡುತ್ತಿದ್ದರು. ಬಾಜುವಿನ ಕುರ್ಚಿಯ ಮುದುಕನೊಬ್ಬ ನನ್ನ ಫೈಲಿನ ದಪ್ಪವನ್ನು ತನ್ನದರ ಜೊತೆ ಹೋಲಿಸಿ ನೋಡಿ, “ನೀವಿನ್ನೂ ಹೊಸಬರು” ಎಂದು ಕನಿಕರಿಸಿದ.

ಒಂದು ದಿನ ಕಣ್ಣಿನ ವಿಭಾಗಕ್ಕೆ ಕಳಿಸಿದರು. ಅಲ್ಲಿಯ ಡಾಕ್ಟರ್ ಯಂತ್ರದಲ್ಲಿ ನನ್ನ ಕಣ್ಣನ್ನು ಬಹಳ ಹೊತ್ತು ನೋಡಿ, ಇನ್ನಿಬ್ಬರನ್ನು ಕರೆದು ತೋರಿಸಿ, ಕಡೆಗೆ ಕಿಡ್ನಿಯ ಡಾಕ್ಟರಿಗೆ ಫೋನು ಮಾಡಿದರು. ಕರಿಗುಡ್ಡೆಯ ಮೇಲಿನ ಪೊರೆಯಲ್ಲಿ ಸುಳಿ ಸುಳಿಯಾದ ಗೆರೆಗಳಿವೆಯಂತೆ, ರಂಗೋಲಿಯ ಹಾಗೆ. ಎಷ್ಟೋ ವರ್ಷ ಕಾಲು ನೋಡಿದವರಿಗೆ ಕಾಣದ್ದು ಕಣ್ಣಿನಲ್ಲಿತ್ತು.

ಕಿಡ್ನಿಯ ಡಾಕ್ಟರ್ ದಕ್ಷಿಣದ ಕಡೆಯ ಹೆಣ್ಣುಮಗಳು. ವಯಸ್ಸು ಚಿಕ್ಕದು, ಮಾತು ಪುಸ್ತಕದ್ದು. ಸುಮಿತ್ರಾ ಬಾಜುವಿನಲ್ಲಿ ಕೂತಿದ್ದಳು. ಅದೇ ಪ್ರಶ್ನೆ ಬಂತು, ನಾನು ಅದೇ ಉತ್ತರವನ್ನು ಅದೇ ಗತ್ತಿನಿಂದ ಕೊಟ್ಟೆ. ಆಕೆ ಪೆನ್ನು ಕೆಳಗಿಟ್ಟರು.

“ತಂದೆಯ ಕಡೆ ಬಿಡಿ ಸರ್. ತಾಯಿಯ ಅಣ್ಣತಮ್ಮಂದಿರು ಇದ್ದರೆ?”

“ಅವರು ಬ್ಯಾರೇ ಮನೆತನರಿ.”

“ಇರಲಿ. ಇದ್ದರೆ?”

“ಒಬ್ಬ ಮಾಮಾ ಇದ್ದ. ತಿರ್ಲಾಪುರದಾಗ.”

“ಅವರಿಗೆ ಏನಾಗಿತ್ತು?”

ನಾನು ಬಾಯಿ ತೆರೆದೆ, ಮುಚ್ಚಿದೆ. ಈ ಸಲ ಲಕ್ವಾ ಅಲ್ಲ. ತಿರ್ಲಾಪುರದ ಮಾಮಾನನ್ನು ಊರವರು ಎಮ್ಮಿ ಬಸಪ್ಪ ಎನ್ನುತ್ತಿದ್ದರು. ಬೇಸಿಗೆಯಲ್ಲಿ ಹತ್ತಿ ಹೊಲದ ಕೆಲಸ ಅರ್ಧಕ್ಕೆ ಬಿಟ್ಟು ದನದ ಹೊಂಡಕ್ಕಿಳಿದು ಕುತ್ತಿಗೆಯವರೆಗೆ ಕೂತುಬಿಡುತ್ತಿದ್ದ. ಸಾಲೆಯ ಸೂಟಿಯಲ್ಲಿ ಅಲ್ಲಿಗೆ ಹೋದ ನಾವು ಹುಡುಗರು ದಂಡೆಯ ಮೇಲೆ ನಿಂತು ಎಮ್ಮೆಯ ಹಾಗೆ ಕೂಗುತ್ತಿದ್ದೆವು, ಅವನೂ ಕೂಗುತ್ತಿದ್ದ. ಐವತ್ತು ತುಂಬುವ ಮೊದಲೇ ಲಕ್ವಾ ಹೊಡೆದು ಹೋದ. ನೀರಿನ ಗಾಳಿ ಬಡಿದು ಹೋದ ಎಂದು ಊರು ತೀರ್ಪು ಕೊಟ್ಟಿತ್ತು.

ಸುಮಿತ್ರಾ ನನ್ನ ಕಡೆ ತಿರುಗಿದಳು. “ಇದನ್ನ ಇಷ್ಟ ವರ್ಷ ಒಬ್ಬರ ಮುಂದನೂ ಹೇಳಿಲ್ಲೇನ್ರೀ?”

“ಅಂವ ನಮ್ಮಾಂವಲ್ಲ” ಎಂದೆ. ಹೇಳಿದ ಮೇಲೆ ಆ ಮಾತು ನನಗೇ ಚಂದ ಕೇಳಿಸಲಿಲ್ಲ.

ರಕ್ತ ಪರೀಕ್ಷೆಯಾಗಿ ರೋಗಕ್ಕೆ ಹೆಸರು ಬಂತು. ಫ್ಯಾಬ್ರಿ. ಯಾರೋ ಪರದೇಶದ ವೈದ್ಯನ ಹೆಸರಂತೆ. ಬಾರುಕೋಲು, ಗೋರಂಟಿ, ಮದಿಮಗಳು, ಇಷ್ಟೆಲ್ಲ ಅನುಭವಿಸಿದ್ದು ನಾನು, ಹೆಸರು ಅವನದು. ನನಗೆ ಇದು ತಾಯಿಯಿಂದ ಇಳಿದು ಬಂದದ್ದು ಎಂದರು. ತಂದೆ ಇದನ್ನು ಮಗನಿಗೆ ಕೊಡಲಾರ, ಹಾಗಾಗಿ ನನ್ನ ಮಗ ಪಾರು. ನಾನು ಮಗನಿಗೆ ಕೊಡದೆ ಇದ್ದ ಆಸ್ತಿಗಳಲ್ಲಿ ಅವನು ಸಂತೋಷಪಟ್ಟದ್ದು ಇದೊಂದಕ್ಕೆ.

ಏನಾಗಿದೆ ಎಂದು ಕೇಳಿದ್ದಕ್ಕೆ ಡಾಕ್ಟರ್ ನನ್ನ ನೌಕರಿ ಏನೆಂದು ಕೇಳಿದರು. ಹೇಳಿದೆ. ಆಕೆ ನಕ್ಕು, “ಹಾಗಾದರೆ ನಿಮಗೆ ಬೇಗ ತಿಳಿಯುತ್ತದೆ” ಎಂದರು. ಮೈಯ ಒಂದೊಂದು ಜೀವಕೋಶದಲ್ಲಿಯೂ ಒಂದು ಕಸದ ಕೋಣೆ ಇದೆಯಂತೆ. ಅಲ್ಲಿ ಜಿಡ್ಡನ್ನು ಅರೆದು ಕರಗಿಸಲು ಒಂದು ಪ್ರೋಟೀನು ಬೇಕು. ಅದು ತಯಾರಾಗುವ ಜಾಗ ಬೇರೆ, ಕೆಲಸ ಮಾಡುವ ಜಾಗ ಬೇರೆ. ಇಲ್ಲಿಂದ ಅಲ್ಲಿಗೆ ಸಾಗಬೇಕು. ನನ್ನದು ತಯಾರಾಗುತ್ತದೆ, ಆದರೆ ಕೊಂಚ ಸೊಟ್ಟ. ನಡುವೆ ತಪಾಸಣೆಯ ಗೇಟು. ಸೊಟ್ಟಗಿರುವುದನ್ನು ಅಲ್ಲಿ ತಡೆದು ಗುಜರಿಗೆ ಹಾಕುತ್ತಾರೆ. ಆಚೆ ಕಸ ಬೆಳೆಯುತ್ತದೆ. ನರದಲ್ಲಿ ಬೆಳೆದರೆ ಉರಿ, ಕಿಡ್ನಿಯ ಜರಡಿಯಲ್ಲಿ ಬೆಳೆದರೆ ಜರಡಿ ಮುಚ್ಚಿತು, ಮೆದುಳಿನ ರಕ್ತನಾಳದಲ್ಲಿ ಬೆಳೆದರೆ ಮೈಕಿನ ಮುಂದೆ ರೊಟ್ಟಿ.

“ಆ ಸೊಟ್ಟಗಿದ್ದದ್ದು ಹೆಂಗೋ ಮುಟ್ಟಿದ್ರ?” ಎಂದು ಕೇಳಿದೆ.

“ಕೆಲಸ ಮಾಡುತ್ತಿತ್ತು ಸರ್. ಪೂರ್ತಿ ಅಲ್ಲ, ಸಾಕಷ್ಟು.”

ಇದನ್ನು ಕೇಳಿ ನನಗೆ ಬಂದ ಸಿಟ್ಟು ಸಾವಿನ ಸುದ್ದಿ ಕೇಳಿದ್ದರೂ ಬರುತ್ತಿರಲಿಲ್ಲ. ನನ್ನ ಸರ್ವಿಸಿನಲ್ಲಿ ಕನ್ನಡಿ ಇಲ್ಲದ ಬಸ್ಸು ಬಿಟ್ಟಿದ್ದೇನೆ, ಕಿಟಕಿಗೆ ರಟ್ಟು ಬಡಿದ ಬಸ್ಸು ಬಿಟ್ಟಿದ್ದೇನೆ, ಬಾಗಿಲಿಗೆ ಹಗ್ಗ ಕಟ್ಟಿದ್ದನ್ನು ಮದುವೆ ಸೀಜನ್ನಿನಲ್ಲಿ ಕಣ್ಣು ಮುಚ್ಚಿ ಬಿಟ್ಟಿದ್ದೇನೆ. ಎಲ್ಲವೂ ಊರು ಮುಟ್ಟಿವೆ. ಬಾನೆಟ್ಟು ಸೊಟ್ಟಗಿದೆ ಎಂದು ಓಡುವ ಗಾಡಿಯನ್ನು ಗುಜರಿಗೆ ಹಾಕಿ, ಪ್ರಯಾಣಿಕರನ್ನು ಸಾಯಲು ಬಿಡುವ ಇಂಥ ಶಿಸ್ತಿನ ಕಂಟ್ರೋಲರ್ ನನ್ನ ಮೈಯೊಳಗೇ ಕೂತಿದ್ದ. ಹೊರಗಿದ್ದಿದ್ದರೆ ಯೂನಿಯನ್ನಿನವರು ಒಂದೇ ದಿನದಲ್ಲಿ ದಾರಿಗೆ ತರುತ್ತಿದ್ದರು.

ಡಯಾಲಿಸಿಸ್ ಶುರುವಾಯಿತು. ಜೊತೆಗೆ, ಮೈ ಬಿಡಲೊಲ್ಲದ ಆ ಪ್ರೋಟೀನನ್ನು ಹೊರಗಿನಿಂದ ತಂದು ಹದಿನೈದು ದಿನಕ್ಕೊಮ್ಮೆ ಸಲೈನಿನ ಹಾಗೆ ಏರಿಸತೊಡಗಿದರು. ಮನೆಗೆ ನೋಡಲು ಬರುವವರ ಹಾವಳಿಯೂ ಶುರುವಾಯಿತು. ಕಿಡ್ನಿ ಹೋದವನು ಮುಟ್ಟಬಾರದ ವಸ್ತುಗಳಲ್ಲಿ ಎಳನೀರು ಮತ್ತು ಬಾಳೆಹಣ್ಣು ಮುಖ್ಯವಾದವು. ಬಂದವರೆಲ್ಲ ತಂದದ್ದು ಆ ಎರಡನ್ನೇ. ತಂದು ಎದುರಿಗಿಟ್ಟು, ಕಿಡ್ನಿ ಹೋಗಿ ಸತ್ತ ತಮ್ಮ ಪರಿಚಯಸ್ಥರ ಕಥೆಗಳನ್ನು ಸಾವಕಾಶ ಹೇಳುತ್ತಿದ್ದರು. ಸುಮಿತ್ರಾ ಒಂದು ಉಪಾಯ ಕಂಡುಕೊಂಡಳು. ಅವರು ತಂದ ಎಳನೀರನ್ನು ಅಲ್ಲಿಯೇ ಕೊಯ್ತದಿಂದ ಕೆತ್ತಿ ಅವರಿಗೇ ಕುಡಿಸಿ ಕಳಿಸುವುದು. ನನ್ನ ಇಷ್ಟು ವರ್ಷದ ತತ್ವಜ್ಞಾನಕ್ಕಿಂತ ಆ ಕೊಯ್ತ ಹರಿತವಾಗಿತ್ತು.

ಬದಲಿ ಕಿಡ್ನಿಯೊಂದೇ ದಾರಿ ಎಂದರು. ಸುಮಿತ್ರಾಳ ರಕ್ತದ ಗುಂಪು ಹೊಂದಲಿಲ್ಲ. ಈ ಸುದ್ದಿ ಮಿಶ್ರಿಕೋಟಿಗೆ ಮುಟ್ಟಿದ ಮರುದಿನವೇ ಗಂಗಕ್ಕ ಬಂದಳು. ಗಂಗಕ್ಕ ನನ್ನ ಒಡಹುಟ್ಟಿದ ಅಕ್ಕ, ನನಗಿಂತ ಆರು ವರ್ಷ ದೊಡ್ಡವಳು, ಮಿಶ್ರಿಕೋಟಿಯ ಮನೆಗೆ ಕೊಟ್ಟವಳು. ರೊಟ್ಟಿ ಬುತ್ತಿಯನ್ನು ಸುಮಿತ್ರಾಳ ಕೈಗೆ ಕೊಟ್ಟು ನನ್ನ ಎದುರು ಕೂತಳು.

“ಏನಲೇ ತಮ್ಮಾ, ಕಿಡ್ನಿ ಹೋದುವಂತ?”

“ಹೋದುವು.”

“ಎರಡೂ?”

“ಎರಡೂ.”

“ಒಂದರ ಇಟಗೋಬಾರದೇನೋ. ಸಣ್ಣಾಂವ ಇದ್ದಾಗಿಂದ ನಿಂದು ಇದ ಆತು. ಪಾಟಿ ಕಳಕೊಂಡಿ, ಚತ್ರಿ ಕಳಕೊಂಡಿ, ಈಗ ಇದು.” ಸೆರಗಿನಿಂದ ಮುಖ ಒರೆಸಿಕೊಂಡಳು. “ನಂದೊಂದು ತಗೋ.”

ಪೇಟೆಯಿಂದ ಎರಡು ಕಿಲೋ ಬದನೆಕಾಯಿ ತಂದಿದ್ದೇನೆ, ಒಂದು ನೀನಿಟ್ಟುಕೋ ಎನ್ನುವ ಧ್ವನಿ. ನಾನು ಬೇಡ ಎನ್ನಬೇಕಾಗಿತ್ತು, ರೂಢಿಗಾದರೂ. ಎನ್ನಲಿಲ್ಲ. ಎರಡು ದಿನಕ್ಕೊಮ್ಮೆ ಮೈಯ ರಕ್ತವನ್ನೆಲ್ಲ ಹೊರಗೆ ತಿರುಗಿಸಿ ತರುವ ಆ ಯಂತ್ರದ ಎದುರು ರೂಢಿ ನಿಲ್ಲುವುದಿಲ್ಲ. ರಕ್ತದ ಗುಂಪು ಹೊಂದಿತು, ಇನ್ನುಳಿದದ್ದೂ ಹೊಂದಿತು. ಮಿಶ್ರಿಕೋಟಿಯ ಭಾವ ಸ್ವಲ್ಪ ಗೊಣಗಿ ಒಪ್ಪಿದ. ನಾನು ಮನಸ್ಸಿನಲ್ಲಿಯೇ ನೀರಿನ ತಂಬಿಗೆಯನ್ನು ಎತ್ತಿ ಗಟಗಟ ಕುಡಿಯತೊಡಗಿದ್ದೆ.

ಆಗ ಡಾಕ್ಟರ್ ಅಡ್ಡ ಬಂದರು. “ಅಕ್ಕನವರಿಗೂ ಇದೇ ರೋಗ ಇದೆಯೇ ಎಂದು ಮೊದಲು ನೋಡಬೇಕು. ಅದಿಲ್ಲದೆ ನಾನು ಮುಂದುವರಿಯುವುದಿಲ್ಲ.”

ಭಾವ ಬಿಳಿ ಟೊಪ್ಪಿಗೆಯನ್ನು ತೆಗೆದು ಮೊಣಕಾಲ ಮೇಲಿಟ್ಟ. ಅವನು ಟೊಪ್ಪಿಗೆ ತೆಗೆದನೆಂದರೆ ಪಂಚಾಯ್ತಿ ಕೂತಿತು ಎಂದೇ ಅರ್ಥ.

“ಅದೆಂಗ ಬರತೈತ್ರಿ ಆಕಿಗೆ? ಆಕಿ ಲಗ್ನಾ ಆಗಿ ಮೂವತ್ತೈದು ವರ್ಷಾತು. ಆಕಿ ಹೆಸರು ನಮ್ಮ ಮನಿದು, ಆಧಾರ ಕಾರ್ಡು ನಮ್ಮ ಮನಿದು, ಹೊಲದ ಉತಾರದಾಗ ಹೆಸರು ನಮ್ಮ ಮನಿದು. ಇದು ಇವರ ತಾಯಿ ಮನಿ ರೋಗ. ನಮ್ಮ ಮನಿ ಸೊಸಿಗೆ ಹೆಂಗ ಹತ್ತತೈತಿ?”

“ಮದುವೆಯಲ್ಲಿ ರಕ್ತ ಬದಲಾಗುವುದಿಲ್ಲವಲ್ಲ” ಎಂದರು ಡಾಕ್ಟರ್.

“ಮ್ಯಾಲ ಇದು ಗಂಡಸೂರಿಗೆ ಬರೂ ರೋಗರಿ. ಅವರ ಮಾಮಾಗ ಬಂತು, ಇಂವಗ ಬಂತು. ಹೆಣ್ಣಮಕ್ಕಳಿಗೆ ಎಲ್ಲೈತಿ?”

“ಹೆಣ್ಣುಮಕ್ಕಳಿಗೂ ಬರುತ್ತದೆ. ಅವರು ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ.”

“ನಾಳೆ ಊರಾಗ ಏನಂತಾರ? ನಮ್ಮ ಸೊಸೀನ ರೋಗದ ತಪಾಸಕ್ಕ ಒಯ್ದರು ಅಂತಾರ.”

ಇಂಥ ಅಜ್ಞಾನವನ್ನು ನಾನು ತಿರಸ್ಕಾರದಿಂದ ನೋಡಿದೆ ಎಂದು ಬರೆಯಬಹುದಿತ್ತು. ನೋಡಲಿಲ್ಲ. ಆ ಹೊತ್ತಿಗೆ ನಾನು ಪೂರ್ತಿ ಭಾವನ ಪಕ್ಷದವನು. ಮೂವತ್ತೈದು ವರ್ಷದ ಹಿಂದೆ ಅಕ್ಷತೆ ಬಿದ್ದಾಗಲೇ ಅಕ್ಕನ ರಕ್ತ ಮಿಶ್ರಿಕೋಟಿಗೆ ವರ್ಗವಾಗಿರಲಿ, ಅವಳ ಎರಡು ಕಿಡ್ನಿಗಳೂ ಅಚ್ಚ ಮಿಶ್ರಿಕೋಟಿಯವಾಗಿರಲಿ ಎಂದು ಮನಸಾರೆ ಬಯಸಿದೆ.

“ರಕ್ತಾ ತಗೊಳ್ಳಿ ಬಿಡ್ರಿ” ಎಂದಳು ಗಂಗಕ್ಕ. “ಕಿಡ್ನಿ ಕೊಡಾಕ ಬಂದಾಕಿ ರಕ್ತಕ್ಕ ಯಾಕ ಅಳಲಿ.”

ಫಲಿತಾಂಶ ಬರಲು ವಾರಗಳು ಹಿಡಿದವು. ಮತ್ತೆ ಅದೇ ಕೋಣೆ, ಅದೇ ಟಿವಿ. ನಾವು ನಾಲ್ವರೂ ಒಳಗೆ ಹೋದೆವು. ಡಾಕ್ಟರ್ ಹಾಳೆಯನ್ನು ಓದಲಿಲ್ಲ. ಗಂಗಕ್ಕನನ್ನು ನೋಡಿ ಕೇಳಿದರು.

“ನಿಮಗೆ ಕಾಲು ಉರಿಯುತ್ತದೆಯೇ ಅಮ್ಮ?”

ಗಂಗಕ್ಕ ಗೋಡೆಯ ಮೇಲಿನ ಕಿಡ್ನಿಯ ಚಿತ್ರವನ್ನು ನೋಡುತ್ತ, “ಯಾರಿಗೆ ಉರಿಯಂಗಿಲ್ರಿ” ಎಂದಳು.

“ಯಾವಾಗಿನಿಂದ?”

“ಸಾಲಿ ಬಿಟ್ಟ ವರ್ಷದಿಂದ.”

“ಸಾಲೆ ಯಾವಾಗ ಬಿಟ್ಟಿರಿ?”

“ಒಂಬತ್ತನೇ ಇಯತ್ತೆಕ್ಕ.”

“ಬೆವರುತ್ತೀರಾ?”

“ಇಲ್ರಿ. ಕಣದಾಗ ಎಲ್ಲಾರೂ ಬೆವತು ತೊಯ್ದಿದ್ರ ನಾ ಒಣಗಿರ್ತಿದ್ನಿ. ದುಡೀಲಾರದಾಕಿ ಅಂತ ನಮ್ಮತ್ತಿ ಬೈತಿದ್ರು. ಸೆರಗಿಗೆ ನೀರ ಚಿಮಕಿಸಿಕೊಂಡು ಮನಿಗೆ ಬರ್ತಿದ್ನಿ.”

ಭಾವ ಅವಳ ಕಡೆ ತಿರುಗಿ ಕೂತ. “ನನಗ ಒಮ್ಮೆರ ಹೇಳಿಲ್ಲಲಾ.”

“ಹೇಳಿದ್ರ ಏನ್ ಮಾಡ್ತಿದ್ರಿ? ಗೋರಂಟಿ ತರ್ತಿದ್ರಿ.” ಆಮೇಲೆ ಡಾಕ್ಟರಿಗೆ ಹೇಳಿದಳು: “ಇವಗ ಉರದಾಗ ಮನ್ಯಾಗ ಏನೇನ್ ಮಾಡಿದ್ರು ನಾ ನೋಡಿದ್ನಿರಿ. ಅಪ್ಪ ಬಾರಕೋಲ ತಗೊಂಡು ಬಡೀತಿದ್ದ. ಗಂಡಹುಡುಗಗ ಇಷ್ಟಾದ್ರ ನನಗೆಷ್ಟಾದೀತು ಅಂತ ಸುಮ್ಮನಾದ್ನಿ. ಮುಂದ ಅದ ರೂಢಿ ಆತು.”

ನಾನು ಇಡೀ ಜಗತ್ತನ್ನು ಬೈಯುತ್ತ ನರಳಿದ ಅದೇ ಮನೆಯಲ್ಲಿ, ಅದೇ ಚಾಪೆಯ ಆ ತುದಿಯಲ್ಲಿ, ಇವಳು ಬಾಯಿ ಮುಚ್ಚಿಕೊಂಡು ಉರಿಯುತ್ತಿದ್ದಳು. ನನ್ನ ಅಂಗಾಲಿಗೆ ಗೋರಂಟಿ ಅರೆದು ಹಚ್ಚುತ್ತಿದ್ದವಳೂ ಅವಳೇ.

ಹಾಳೆಯಲ್ಲಿಯೂ ಅದೇ ಇತ್ತು. ಅವಳ ಕಿಡ್ನಿಗಳು ಸೋರತೊಡಗಿದ್ದವು. ಹೊರಗಿನಿಂದ ನೋಡಿದರೆ ಗಟ್ಟಿ. ಒಂದನ್ನು ತೆಗೆದಿದ್ದರೆ ಉಳಿದದ್ದು ಕೆಲವೇ ವರ್ಷಗಳಲ್ಲಿ ಕೈಕೊಡುತ್ತಿತ್ತು, ನನಗೆ ಕೊಟ್ಟದ್ದೂ ಬಹಳ ಬಾಳುತ್ತಿರಲಿಲ್ಲ, ಇಬ್ಬರೂ ಅಕ್ಕಪಕ್ಕದ ಕುರ್ಚಿಗಳಲ್ಲಿ ಡಯಾಲಿಸಿಸ್ಸಿಗೆ ಕೂರುತ್ತಿದ್ದಿರಿ ಎಂದರು ಡಾಕ್ಟರ್. ಅವಳ ಒಬ್ಬನೇ ಮಗನ ಪರೀಕ್ಷೆಯೂ ಆಗಬೇಕೆಂದರು. ಅದು ಮುಂದೆ ಆಯಿತು, ಅವನು ಪಾರಾದ. ಅಂದು ಮಾತ್ರ ಭಾವ ಹೊರಡುವವರೆಗೂ ಟೊಪ್ಪಿಗೆ ಹಾಕಿಕೊಳ್ಳಲಿಲ್ಲ.

ನನ್ನ ಹೆಸರು ಈಗ ಸತ್ತವರ ಕಿಡ್ನಿಗಾಗಿ ಕಾಯುವವರ ಸಾಲಿನಲ್ಲಿದೆ. ಯಾರೋ ಒಬ್ಬರು ಹೆಲ್ಮೆಟ್ಟು ಹಾಕದೆ ಹೋಗಲಿ ಎಂದು ಹಾರೈಸುವ ಸಾಲು ಅದು. ಆದರೆ ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರೂ ‘ದೇವರಿಚ್ಛೆ’ ಎನ್ನುತ್ತಾರೆ.

ಗಂಗಕ್ಕನಿಗೆ ಮಾತ್ರ ಇನ್ನೊಂದು ದಾರಿ ಇತ್ತು. ಒಂದು ಗುಳಿಗೆ ಬಂದಿದೆ. ಅದು ಸೊಟ್ಟಗಿರುವ ಪ್ರೋಟೀನಿನ ಕೈ ಹಿಡಿದು, ನೆಟ್ಟಗೆ ನಿಲ್ಲಿಸಿ, ಆ ಶಿಸ್ತಿನ ಗೇಟನ್ನು ದಾಟಿಸಿಬಿಡುತ್ತದೆ. ಎಲ್ಲ ಸೊಟ್ಟಕ್ಕೂ ಒಗ್ಗುವುದಿಲ್ಲ, ನಮ್ಮ ತಿರ್ಲಾಪುರದ ಸೊಟ್ಟಕ್ಕೆ ಒಗ್ಗುತ್ತದೆ. ಆದರೆ ಕಿಡ್ನಿ ತಕ್ಕಮಟ್ಟಿಗೆ ಉಳಿದವರಿಗೆ ಮಾತ್ರ ಕೊಡುತ್ತಾರೆ. ನನ್ನವು ‘ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ’ ಎನ್ನುವುದರಲ್ಲಿಯೇ ಮುಗಿದುಹೋಗಿದ್ದವು. ಅವಳವಕ್ಕೆ ಇನ್ನೂ ಸಮಯವಿತ್ತು.

ಗುಳಿಗೆಯ ಮೊದಲ ಡಬ್ಬಿ ಕೈಗೆ ಬರಲು ತಿಂಗಳುಗಳೇ ಬೇಕಾದವು. ಬಂದ ದಿನ ಹುಬ್ಬಳ್ಳಿಯ ಸ್ಟ್ಯಾಂಡಿನ ಬೆಂಚಿನ ಮೇಲೆ ನಾನೂ ಅಕ್ಕನೂ ಕೂತಿದ್ದೆವು. ಭಾವ ಕಲಘಟಗಿ ಗಾಡಿ ನೋಡಲು ಹೋಗಿದ್ದ. ಮೈಕಿನಲ್ಲಿ ಯಾವನೋ ಕೂಗುತ್ತಿದ್ದ, ನನಗೂ ಒಂದಕ್ಷರ ತಿಳಿಯಲಿಲ್ಲ.

ಗಂಗಕ್ಕ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ದಿನಾ ಬ್ಯಾಡಂದಾರಲ್ಲ ಇದನ್ನ?”

“ಹೌದು. ಒಂದ ದಿನ ಬಿಟ್ಟು ಒಂದ ದಿನ. ಹಿಂದ ಮುಂದ ಎರಡ ತಾಸು ಏನೂ ತಿನ್ನಬಾರದು.”

“ಉಪಾಸಾ ನನಗೇನು ಹೊಸಾದಲ್ಲ.” ಭಾವ ದೂರದಲ್ಲಿದ್ದಾನೆಂದು ಖಾತ್ರಿ ಮಾಡಿಕೊಂಡು, ಡಬ್ಬಿಯನ್ನು ನನ್ನ ತೊಡೆಯ ಕಡೆ ಸರಿಸಿ, ಧ್ವನಿ ತಗ್ಗಿಸಿದಳು. “ನಡುವಿನ ದಿನ ಖಾಲಿ ಇರತೈತಲ್ಲ. ಅದನ್ನ ನೀ ತಗೋ. ಡಾಕ್ಟರಬಾಯಿಗೆ ನಾ ಹೇಳಂಗಿಲ್ಲ, ನೀನೂ ಹೇಳಬ್ಯಾಡ.”

“ನನಗ ನಡಿಯಂಗಿಲ್ಲಕ್ಕ ಅದು.”

“ಅರ್ಧಾನರ ನುಂಗು.”

“ಅಕ್ಕಾ, ನಡುವಿನ ದಿನ ಖಾಲಿ ಅಲ್ಲ. ಗುಳಗಿ ಒಂದ ದಿನ ಕೈ ಹಿಡದು ಬಾಗಲಾ ಮಟಾ ತರತೈತಿ. ಮರುದಿನ ಕೈ ಬಿಡಬೇಕು. ಬಿಟ್ಟರನ ಅದು ಒಳಗ ಹೋಗಿ ಕೆಲಸಾ ಮಾಡತೈತಿ. ಹಿಡಕೊಂಡ ನಿಂತರ ಏನೂ ಉಪಯೋಗಿಲ್ಲ. ಬಿಡೂದೂ ಔಷಧನ.”

ಭಾವ ಗಾಡಿಯ ಬಾಗಿಲಲ್ಲಿ ನಿಂತು ಕೈ ಬೀಸಿ ಕರೆಯುತ್ತಿದ್ದ. ಗಂಗಕ್ಕ ಎದ್ದು, ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಳು.

“ಗುಳಗಿ ಕೈ ಬಿಡಲಿ” ಎಂದಳು. “ನಾ ಯಾಕ ಬಿಡಲಿ?”